ಅಣ್ಣನಿಗೆ ಟೈಪ್ 1 ಮಧುಮೇಹವಿದೆ, ಮೂರು ವರ್ಷದ ತಂಗಿಗೂ ಬರುತ್ತದೆಯೇ?

ಎಂಟು ವರ್ಷದ ಮಗನಿಗೆ ಕಳೆದ ತಿಂಗಳು ಟೈಪ್ 1 ಪತ್ತೆಯಾಗಿದೆ, ನೀವು ಚಾಕೊಲೇಟ್ ಕೊಡಿಸಿದ್ದೇ ಕಾರಣವೆಂದು ಅತ್ತೆಯವರು ಹೇಳುತ್ತಿದ್ದಾರೆ, ಮಗಳಿಗೆ ಹಸುವಿನ ಹಾಲು ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ನಾನು ಮಕ್ಕಳ ವೈದ್ಯೆ. ಮೊದಲು ಚಾಕೊಲೇಟಿನ ವಿಷಯ ಮುಗಿಸುತ್ತೇನೆ.

ಸಿಹಿ ತಿಂದು ಟೈಪ್ 1 ಬರುವುದಿಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶ ಮಾಡುವುದರಿಂದ ಬರುವ ಕಾಯಿಲೆ ಇದು. ನಾಶ ಶುರುವಾಗಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಲಕ್ಷಣಗಳು ಕಾಣಿಸುತ್ತವೆ. ಹೋದ ಹಬ್ಬದಲ್ಲಿ ಏನು ತಿಂದ ಎಂದು ಲೆಕ್ಕ ಹಾಕಿ ಫಲವಿಲ್ಲ. ಇದನ್ನು ನೀವೇ ಹೇಳಿದರೆ ಮನೆಯಲ್ಲಿ ವಾದವಾಗುತ್ತದೆ. ಮುಂದಿನ ಸಲ ಅತ್ತೆಯವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದಲೇ ಕೇಳಲಿ. ಮಗುವಿಗೆ ಏನಾದರೂ ತಾಯಿಯ ತಲೆಗೆ ಕಟ್ಟುವ ಈ ಅಭ್ಯಾಸ ನೋಡಿ ನೋಡಿ ನನಗೆ ಸಾಕಾಗಿದೆ.

ಇನ್ನು ಮಗಳ ವಿಷಯ. ಅಣ್ಣನಿಗೋ ಅಕ್ಕನಿಗೋ ಟೈಪ್ 1 ಇದ್ದರೆ ಒಡಹುಟ್ಟಿದ ಮಗುವಿಗೆ ಬರುವ ಸಾಧ್ಯತೆ ಸುಮಾರು ನೂರಕ್ಕೆ 5ರಿಂದ 6. ಉಳಿದ ಮಕ್ಕಳಲ್ಲಿ ಇದು ನೂರಕ್ಕೆ ಅರ್ಧವೂ ಇಲ್ಲ. ಹೋಲಿಸಿದರೆ ಹೆಚ್ಚು, ಆದರೆ ಇಂಥ ನೂರು ತಂಗಿಯರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಬರುವುದೇ ಇಲ್ಲ. ಎಚ್‌ಎಲ್‌ಎ ಎಂಬ ಜೀನ್‌ಗಳ ಕೆಲವು ಬಗೆಗಳು ಅಪಾಯ ಹೆಚ್ಚಿಸುತ್ತವೆ, ನಿಜ. ಆದರೆ ಎಲ್ಲ ಜೀನ್‌ಗಳೂ ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲಿಯೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದುಂಟು. ಕಾಕ್ಸ್‌ಸಾಕಿ ಬಿ ಮುಂತಾದ ಎಂಟರೋವೈರಸ್‌ಗಳು, ಅಂದರೆ ಕರುಳಿನಲ್ಲಿ ಬೆಳೆಯುವ ವೈರಸ್‌ಗಳು, ಈ ನಾಶಕ್ಕೆ ಕಿಡಿ ಹಚ್ಚುತ್ತವೆಯೇ ಎಂಬ ಅನುಮಾನ ಬಹುಕಾಲದಿಂದ ಇದೆ. ಜಗತ್ತಿನಲ್ಲೇ ಅತಿ ಹೆಚ್ಚು ಮಕ್ಕಳಿಗೆ ಟೈಪ್ 1 ಬರುವುದು ಫಿನ್‌ಲೆಂಡಿನಲ್ಲಿ. ಅಲ್ಲಿಯೂ ಕಾರಣ ಇದೊಂದೇ ಎಂದು ಬೆರಳಿಟ್ಟು ತೋರಿಸಲು ಆಗಿಲ್ಲ.

ಹಾಲು ನಿಲ್ಲಿಸಬೇಡಿ. ಮನೆಯಲ್ಲಿ ಟೈಪ್ 1 ಇರುವವರ ಶಿಶುಗಳನ್ನೇ ಆರಿಸಿಕೊಂಡು 15 ದೇಶಗಳಲ್ಲಿ ನಡೆಸಿದ ದೊಡ್ಡ ಪರೀಕ್ಷೆಯೊಂದರಲ್ಲಿ, ಹಾಲಿನ ಪ್ರೋಟೀನನ್ನು ಒಡೆದು ತಯಾರಿಸಿದ ವಿಶೇಷ ಪುಡಿ ಕೊಟ್ಟರೂ ಕಾಯಿಲೆ ಕಡಿಮೆಯಾಗಲಿಲ್ಲ. ಫಲಿತಾಂಶ ಬಂದದ್ದು 2018ರಲ್ಲಿ.

ಮಗಳಿಗೆ ರಕ್ತದಲ್ಲಿ ಪ್ರತಿಕಾಯಗಳ (ಆಂಟಿಬಾಡಿ) ಪರೀಕ್ಷೆ ಮಾಡಿಸಬಹುದು. ಬೀಟಾ ಕೋಶಗಳ ಮೇಲೆ ರೋಗನಿರೋಧಕ ವ್ಯವಸ್ಥೆಯ ದಾಳಿ ಶುರುವಾಗಿದೆ ಎಂದು ತೋರಿಸುವ ಗುರುತುಗಳು ಇವು. ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯಗಳು ಮತ್ತೆ ಮತ್ತೆ ಕಂಡರೆ ಮುಂದೊಂದು ದಿನ ಕಾಯಿಲೆ ಬರುವುದು ಹೆಚ್ಚುಕಡಿಮೆ ಖಚಿತ. ಹಾಗೆ ತಿಳಿದುಕೊಂಡು ಎದುರು ನೋಡುತ್ತಾ ಬದುಕುವುದು ಎಲ್ಲ ತಂದೆತಾಯಿಯರಿಗೂ ಆಗುವ ಮಾತಲ್ಲ. ಇಬ್ಬರೂ ಕೂತು ಮಾತನಾಡಿ ತೀರ್ಮಾನಿಸಿ.

ತಾತನಿಗೆ ಅರವತ್ತರಲ್ಲಿ ಬಂದ ಸಕ್ಕರೆ ಕಾಯಿಲೆ ಬೇರೆ, ಅದು ಟೈಪ್ 2. ಈಗ ಅದೂ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತಿದೆ, ಸಾಮಾನ್ಯವಾಗಿ ಹತ್ತು ವರ್ಷ ದಾಟಿದ ಮೇಲೆ. ಅಲ್ಲಿ ತೂಕ, ಆಟವಿಲ್ಲದ ದಿನಚರಿ, ಕುಟುಂಬದ ಇತಿಹಾಸ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬಸುರಿಯಲ್ಲಿ ತಾಯಿಗೆ ಸಕ್ಕರೆ ಏರಿದ್ದರೆ ಅದೂ ಸೇರುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಪಾರ್ಥೆನಾನ್ ಅಧ್ಯಯನದಲ್ಲಿ ಅಂಥ ತಾಯಂದಿರ ಮಕ್ಕಳ ಮೈಯಲ್ಲಿ ಕೊಬ್ಬಿನ ಅಂಶ ಹೆಚ್ಚಿತ್ತು. ಕತ್ತಿನ ಹಿಂದೆ ಕಪ್ಪಗೆ ದಪ್ಪವಾದ ಚರ್ಮ ಕಂಡರೆ ಕೊಳೆ ಎಂದು ಉಜ್ಜುತ್ತಾ ಕೂರಬೇಡಿ, ಅದು ಟೈಪ್ 2ರ ಮುನ್ಸೂಚನೆ ಇರಬಹುದು, ವೈದ್ಯರಿಗೆ ತೋರಿಸಿ.

ನಿಮ್ಮ ಮಗಳ ಬೆರಳನ್ನು ದಿನಾ ಚುಚ್ಚುವುದು ಬೇಡ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು, ಉಂಡರೂ ಇಳಿಯುವ ತೂಕ, ಇವು ಕಂಡರೆ ಮಗನ ಗ್ಲುಕೋಮೀಟರಿನಲ್ಲೇ ನೋಡಿ. ಸಕ್ಕರೆ 200 (ಮಿ.ಗ್ರಾಂ/ಡೆಸಿಲೀಟರ್) ದಾಟಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ.