ಕೆಲಸದ ಮಾತು: ಹಾಳಾದ ಪೀಸ್ ಯಾಕೆ ಬಚ್ಚಿಡ್ತಾರೆ?

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಏಳು ವರ್ಷ ಟೈಲರ್ ಆಗಿದ್ದೆ. ಮೂರು ತಿಂಗಳ ಹಿಂದೆ ಲೈನ್ ಸೂಪರ್‌ವೈಸರ್ ಮಾಡಿದರು. ಜೊತೆಗೆ ಕೂತು ಉಣ್ಣುತ್ತಿದ್ದವರೇ ಈಗ ನಾನು ಹತ್ತಿರ ಹೋದರೆ ಮಾತು ನಿಲ್ಲಿಸುತ್ತಾರೆ. ಹೊಲಿಗೆ ಕೆಟ್ಟರೆ ಹೇಳದೆ ಬಂಡಲ್ ಅಡಿಗೆ ತುರುಕುತ್ತಾರೆ. ಕೊನೆಗೆ ಚೆಕ್ಕಿಂಗ್‌ನಲ್ಲಿ ರಾಶಿ ಬೀಳುತ್ತದೆ. ಮ್ಯಾನೇಜರ್ ಎಲ್ಲರೆದುರು ನನಗೆ ಬೈಯುತ್ತಾರೆ, ನಾನು ಲೈನಿಗೆ ಬೈಯುತ್ತೇನೆ. ಏನು ಮಾಡಲಿ ಅಕ್ಕ?
— ಹೆಸರು ಬೇಡ, ಚನ್ನಪಟ್ಟಣ

ಉತ್ತರ: ತಂಗಿ, ನಾನೂ ಹೆಲ್ಪರ್ ಆಗಿ ಸೇರಿ ಫ್ಲೋರ್ ಇನ್‌ಚಾರ್ಜ್ ಆಗಿ ಕೆಲಸ ಬಿಟ್ಟವಳು. ಬೈಗುಳ ತಿಂದಿದ್ದೇನೆ, ಅದಕ್ಕಿಂತ ಜಾಸ್ತಿ ಬಡಿಸಿದ್ದೇನೆ.

ಒಮ್ಮೆ ಶರ್ಟ್ ಆರ್ಡರ್ ನಡೆಯುತ್ತಿತ್ತು. ಕಟಿಂಗ್‌ನಲ್ಲಿ ಒಂದರ ಮೇಲೊಂದು ಹಾಸಿದ ಬಟ್ಟೆಯ ಪ್ರತಿ ಪದರಕ್ಕೂ ನಂಬರ್ ಸ್ಟಿಕ್ಕರ್ ಅಂಟಿಸುತ್ತಾರಲ್ವಾ, ಒಂದೇ ಪದರದ ಬೆನ್ನು, ತೋಳು ಒಟ್ಟಿಗೆ ಸೇರಲಿ, ಬಣ್ಣ ಬೇರೆ ಬೇರೆ ಆಗದಿರಲಿ ಅಂತ. ಆ ನಂಬರ್ ಅದಲು ಬದಲಾಗಿದ್ದನ್ನು ಒಬ್ಬ ಹೆಲ್ಪರ್ ಹುಡುಗಿ ನೋಡಿದ್ದಳು. ಹೇಳಲಿಲ್ಲ. ಹಿಂದಿನ ದಿನ ದಾರ ಕತ್ತರಿಸುವುದು ತಡವಾಯಿತೆಂದು ಇಡೀ ಲೈನಿಗೆ ಕೇಳುವಂತೆ ಅವಳ ಮೇಲೆ ಕೂಗಾಡಿದ್ದೆ. ಇಸ್ತ್ರಿ ಟೇಬಲ್‌ಗೆ ಹೋದಾಗ ನೋಡಿದರೆ ಶರ್ಟಿನ ಒಂದು ತೋಳು ತಿಳಿ ನೀಲಿ, ಇನ್ನೊಂದು ಮಂಕು. ಬಿಚ್ಚಿ ಹೊಲಿಯಲು ಎರಡು ದಿನ ಹಿಡಿಯಿತು. ‘ಯಾಕೇ ಹೇಳಲಿಲ್ಲ?’ ಅಂದೆ. ‘ನೀವು ಬೈತೀರಿ ಅಂತ ಮೇಡಂ’ ಅಂದಳು. ಅದಕ್ಕೂ ಬೈದೆ!

ನಿಮ್ಮ ಹತ್ತಿರದ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಇದೆಯಲ್ಲ, ಆ ಮನೆತನ ಮೊದಲು ಮಾಡುತ್ತಿದ್ದದ್ದು ಮಗ್ಗ. ಸಾಕಿಚಿ ಟೊಯೋಡಾ 1924ರಲ್ಲಿ ತಂದ ಮಗ್ಗ ನೂಲು ಹರಿದರೆ ತಾನಾಗಿ ನಿಲ್ಲುತ್ತಿತ್ತು. ಅದೇ ಬುದ್ಧಿಯನ್ನು ಆಮೇಲೆ ಜಪಾನಿನಲ್ಲಿ ಕಾರಿನ ಲೈನಿಗೂ ತಂದರು. ತಲೆಯ ಮೇಲೆ ಒಂದು ಹಗ್ಗ. ತಪ್ಪು ಕಂಡ ಕೆಲಸಗಾರ ಅದನ್ನು ಎಳೆದರೆ ದೀಪ ಹತ್ತುತ್ತದೆ, ಟೀಂ ಲೀಡರ್ ಓಡಿ ಬರುತ್ತಾನೆ. ಅಷ್ಟರಲ್ಲೇ ಸರಿಹೋದರೆ ಲೈನ್ ನಿಲ್ಲುವುದೂ ಇಲ್ಲ. ಬಂದವನು ಮೊದಲು ಕೇಳುವುದು ‘ಏನಾಯ್ತು’ ಅಂತ, ‘ಯಾರು ಮಾಡಿದ್ದು’ ಅಂತಲ್ಲ. ಹಾಗಿಲ್ಲದಿದ್ದರೆ ಆ ಹಗ್ಗ ಬಟ್ಟೆ ಒಣಹಾಕೋಕೆ ಸರಿ.

ನಮ್ಮ ಗಾರ್ಮೆಂಟ್ಸ್‌ಗೆ ಹಗ್ಗ ಎಲ್ಲಿ ಬರಬೇಕು! ಟೈಲರ್ ಕೈ ಎತ್ತಿದಾಗ ನಿಮ್ಮ ಮುಖ ಹೇಗಾಗುತ್ತದೆ ಅಂತ ಇಡೀ ಲೈನ್ ನೋಡುತ್ತಿರುತ್ತದೆ. ಕೆಟ್ಟ ಪೀಸ್ ತಂದು ತೋರಿಸಿದವಳಿಗೆ ‘ಈಗಲೇ ಹೇಳಿದ್ದು ಒಳ್ಳೇದಾಯ್ತು’ ಅನ್ನಿ. ಆಮೇಲೆ ಸೂಜಿ ನೋಡಿ, ದಾರದ ಟೆನ್ಷನ್ ನೋಡಿ. ಎಷ್ಟೋ ಸಲ ತಪ್ಪು ಕೈಯದ್ದಲ್ಲ, ಮಷಿನ್‌ದು. ಹೊಸ ಸ್ಟೈಲ್ ಬಂದಾಗ ‘ಅರ್ಥ ಆಯ್ತಾ?’ ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ಮೊದಲ ಪೀಸ್ ಹೊಲಿಸಿ ನೋಡಿ.

ಮ್ಯಾನೇಜರ್‌ಗೆ ಎಲ್ಲರೆದುರು ಎದುರುತ್ತರ ಬೇಡ. ಊಟವಾದ ಮೇಲೆ ಚೀಟಿ ಹಿಡಿದು ಹೋಗಿ. ಯಾವ ಮಷಿನ್, ಎಷ್ಟು ಪೀಸ್, ಮೆಕ್ಯಾನಿಕ್‌ಗೆ ಹೇಳಿದ್ದು ಎಷ್ಟು ಗಂಟೆಗೆ, ಎಲ್ಲ ಅದರಲ್ಲಿರಲಿ. ನಾನು ಒಬ್ಬ ಮ್ಯಾನೇಜರ್‌ಗೆ ‘ಸರ್, ಬೈಯೋದಿದ್ರೆ ರೂಮಲ್ಲಿ ಬೈರಿ, ಲೈನ್ ಎದುರು ಬೈದ್ರೆ ನಾಳೆ ನನ್ನ ಮಾತು ಯಾರು ಕೇಳ್ತಾರೆ’ ಅಂದಿದ್ದೆ. ಒಂದು ವಾರ ಮುಖ ಊದಿಸಿಕೊಂಡಿದ್ದರು. ಆಮೇಲೆ ರೂಮಿಗೇ ಕರೆದು ಬೈಯತೊಡಗಿದರು. ಬೈಗುಳ ಕಮ್ಮಿಯಾಯಿತು ಅಂತೇನೂ ಹೇಳಲಾರೆ.

ಊಟಕ್ಕೆ ಮಾತ್ರ ಹಳೇ ಜಾಗದಲ್ಲೇ ಕೂರಿ. ನಾಲ್ಕು ದಿನ ಯಾರೂ ಮಾತಾಡದಿದ್ದರೂ ಕೂರಿ.

ಪ್ರಶ್ನೆ: ನಾನು ಎಚ್.ಆರ್. ವಿಭಾಗದಲ್ಲಿದ್ದೇನೆ. ಸಲಹಾ ಪೆಟ್ಟಿಗೆ ಇಟ್ಟು ಆರು ತಿಂಗಳಾಯಿತು. ಸಿಕ್ಕಿದ್ದು ಎರಡು ಚಾಕೊಲೇಟ್ ಕಾಗದ. ಜನಕ್ಕೆ ಹೇಳುವುದೇನೂ ಇಲ್ಲವೇ?
— ಓದುಗ, ತುಮಕೂರು

ಉತ್ತರ: ಪೆಟ್ಟಿಗೆ ಎಲ್ಲಿಟ್ಟಿದ್ದೀರಿ ಸರ್? ನಾನು ಕಂಡ ಪೆಟ್ಟಿಗೆಗಳೆಲ್ಲ ಎಚ್.ಆರ್. ರೂಮಿನ ಬಾಗಿಲಲ್ಲಿ, ಕ್ಯಾಮೆರಾ ಕೆಳಗೆ. ನೀರಿನ ಫಿಲ್ಟರ್ ಹತ್ತಿರ ಇಡಿ. ಮೊದಲ ಚೀಟಿ ‘ಫ್ಯಾನ್ ತಿರುಗಲ್ಲ’ ಅಂತಿದ್ದರೆ ಅದೇ ವಾರ ರಿಪೇರಿ ಮಾಡಿಸಿ. ಬರೆಯಲು ಬಾರದವರೂ ಇದ್ದಾರೆ, ಒಡಿಶಾದಿಂದ ಬಂದ ಹುಡುಗಿಯರೂ ಇದ್ದಾರೆ. ಅವರ ಹತ್ತಿರ ನೀವೇ ಹೋಗಿ ಕೇಳಬೇಕು. ಕೈಯಲ್ಲಿ ಡೈರಿ ಹಿಡಿದುಕೊಂಡು ಹೋಗಬೇಡಿ.