ಗ್ಲೈಡರ್ ವಿಂಚ್‌ಗೆ ಲಾರಿ ಗೇರ್‌ಬಾಕ್ಸ್ ನಡೆಯುತ್ತಾ?

ಅಣ್ಣಾ, ಗಂಗಾವತಿಯ ಗುಜರಿಯಲ್ಲಿ ಹಳೇ ಲಾರಿಯ ಇಂಜಿನ್, ಕ್ಲಚ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲಾ ಸಿಕ್ಕಿದೆ, ಹಾಗೇ ಜೋಡಿಸಿ ಇಬ್ಬರು ಕೂರುವ ಗ್ಲೈಡರನ್ನು (ಇಂಜಿನ್ ಇಲ್ಲದ ವಿಮಾನ) ಹಗ್ಗದಿಂದ ಎಳೆದು ಮೇಲೆಬ್ಬಿಸುವ ವಿಂಚ್ ಮಾಡಬಹುದಾ ಅಂತ ಕೇಳಿದ್ದೀರಿ. ಇಂಜಿನ್ 200 ಎಚ್‌ಪಿ ಆಸುಪಾಸು ಇದ್ದರೆ ಇಟ್ಟುಕೊಳ್ಳಿ. ಆಕ್ಸಲ್ಲೂ ಇರಲಿ. ಕ್ಲಚ್, ಗೇರ್‌ಬಾಕ್ಸ್ ಮಾತ್ರ ಬೇಡ.

ನಾನು ಗ್ಲೈಡರ್ ಹಾರಿಸಿದವನಲ್ಲ, ಸಂಡೂರು ಕಡೆ ಗಣಿ ಟಿಪ್ಪರ್, ಲೋಡರ್ ರಿಪೇರಿ ಮಾಡಿದವನು. ಮಳೆಗಾಲದಲ್ಲಿ ಕೆಂಪು ಕೆಸರಿನಲ್ಲಿ ಹೂತ ಟಿಪ್ಪರನ್ನು ಇನ್ನೊಂದು ಟಿಪ್ಪರ್‌ನಿಂದ ಎಳೆಸಿ ನೋಡಿ. ಕ್ಲಚ್ ಫಟ್ಟನೆ ಬಿಟ್ಟರೆ ಹಗ್ಗ ಹರಿಯುತ್ತದೆ. ನಿಧಾನಕ್ಕೆ ಬಿಟ್ಟರೆ ಪ್ಲೇಟ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಅದೇ ಲೋಡರ್ ಕಟ್ಟಿದರೆ ಆಕ್ಸಿಲರೇಟರ್ ಒತ್ತಿದಂತೆಲ್ಲ ಎಳೆತ ಮೆಲ್ಲಗೆ ಏರುತ್ತದೆ. ಅದರೊಳಗೆ ಟಾರ್ಕ್ ಕನ್ವರ್ಟರ್ ಇದೆ. ಇಂಜಿನ್‌ಗೂ ಗೇರಿಗೂ ನಡುವೆ ಬಲ ದಾಟಿಸುವುದು ಎಣ್ಣೆ.

ಗ್ಲೈಡರ್‌ಗೂ ಇದೇ ಬೇಕು. ಮೂರು ನಾಲ್ಕು ಸೆಕೆಂಡಿನಲ್ಲಿ ಅದು ನೆಲ ಬಿಡಬೇಕು, ಆದರೆ ಜರ್ಕ್ ಬರಬಾರದು. ಹಗ್ಗದ ತುದಿಯಲ್ಲಿ ವೀಕ್ ಲಿಂಕ್ ಅಂತ ಒಂದು ತುಂಡು ಇರುತ್ತದೆ, ಮಿತಿ ಮೀರಿದರೆ ಅದೇ ಮೊದಲು ತುಂಡಾಗಲಿ ಅಂತ. ಜರ್ಕ್ ಕೊಟ್ಟರೆ ಅದು ಹೋಗುತ್ತದೆ. ಇನ್ನು ಎಳೆಯುವಾಗ ನಡುವೆ ಗೇರ್ ಬದಲಿಸುವ ಮಾತೇ ಇಲ್ಲ. ಮೂಗು ಮೇಲೆತ್ತಿ ಏರುತ್ತಿರುವಾಗ ಅರ್ಧ ಸೆಕೆಂಡ್ ಎಳೆತ ತಪ್ಪಿದರೂ ಪೈಲಟ್‌ಗೆ ಹಗ್ಗ ಹರಿಯಿತೇನೋ ಅನ್ನಿಸುತ್ತದೆ.

ಹಾಗಾಗಿ ಟಾರ್ಕ್ ಕನ್ವರ್ಟರ್ ಇರುವ ಹಳೇ ಮಾದರಿಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಹುಡುಕಿ, ಎಣ್ಣೆ ಒತ್ತಡದಿಂದಲೇ ನಡೆಯುವಂಥದ್ದು. ಡೈರೆಕ್ಟ್ ಗೇರಿನಲ್ಲೇ (ಒಳಗೆ ಬಂದಷ್ಟೇ ಸುತ್ತು ಹೊರಗೆ ಹೋಗುವ ಗೇರ್) ನಿಲ್ಲುವಂತೆ ಕಟ್ಟಿಹಾಕಿ, ತಾನಾಗಿ ಶಿಫ್ಟ್ ಆಗಬಾರದು. ಹೊಸ ಲೋ ಫ್ಲೋರ್ ಬಸ್ಸಿನ ಬಾಕ್ಸ್ ಅಗ್ಗಕ್ಕೆ ಸಿಕ್ಕರೂ ಅದರ ಕಂಪ್ಯೂಟರ್ ಇಲ್ಲದಿದ್ದರೆ ಸುಮ್ನೆ ಕಬ್ಬಿಣ. ಲೋಡರ್ ಬಾಕ್ಸನ್ನು ನಾನು ಎಷ್ಟೇ ಹೊಗಳಿದರೂ ಟಾಪ್ ಗೇರಿನ ರೇಷಿಯೋ ನೋಡದೆ ತರಬೇಡಿ, ಹಗ್ಗಕ್ಕೆ ವೇಗ ಸಾಲದೆ ಹೋಗಬಹುದು.

ಲೆಕ್ಕ ಹೀಗೆ. ಗಾಳಿ ಇಲ್ಲದ ದಿನ ಹಗ್ಗ ಗಂಟೆಗೆ 90-100 ಕಿ.ಮೀ. ಓಡಬೇಕು. ಇಂಜಿನ್ 2400 ಆರ್‌ಪಿಎಂ, ಆಕ್ಸಲ್ ರೇಷಿಯೋ 6 (ಶಾಫ್ಟ್ 6 ಸುತ್ತಿದರೆ ಗಾಲಿ 1 ಸುತ್ತು) ಅಂದರೆ ಎರಡೂ ಕಡೆ 400. ಒಂದು ಕಡೆ ಬಿಗಿದು ಇನ್ನೊಂದು ಕಡೆ ಹಗ್ಗ ಸುತ್ತುವ ಡ್ರಮ್ ಹಾಕಿದರೆ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್‌ಗಳು) ಅದನ್ನು 800ಕ್ಕೆ ತಿರುಗಿಸುತ್ತದೆ. 60 ಸೆಂ.ಮೀ. ವ್ಯಾಸದ ಡ್ರಮ್ಮಿಗೆ ಅದು ಸುಮಾರು 90 ಕಿ.ಮೀ. ಕನ್ವರ್ಟರ್ ಶೇ. 10ರಷ್ಟು ಜಾರುತ್ತೆ ಅಂತ ಇಟ್ಟುಕೊಂಡರೆ 80 ಚಿಲ್ಲರೆಗೆ ಬರುತ್ತದೆ. ಅದಕ್ಕೇ 70 ಸೆಂ.ಮೀ. ಡ್ರಮ್ ಮಾಡಿಸಿ.

ಬಿಗಿದ ಕಡೆ ಬ್ರೇಕ್ ನಂಬಬೇಡಿ. ಎಳೆಯುವ ಕಡೆ ಇರುವಷ್ಟೇ ತಿರುಚು ಅಲ್ಲೂ ಬೀಳುತ್ತದೆ. ಬ್ರೇಕ್ ಜಾರಿದರೆ ಎಳೆತ ಥಟ್ಟನೆ ಇಳಿಯುತ್ತದೆ. ಪಿನ್ ಹಾಕಿ ಲಾಕ್ ಮಾಡಿ. ಡ್ರಮ್ ಕಡೆಯ ಬ್ರೇಕ್ ಮಾತ್ರ ಚೆನ್ನಾಗಿರಲಿ, ಇಲ್ಲದಿದ್ದರೆ ಎಳೆತ ಬಿಟ್ಟ ಮೇಲೆ ಹಗ್ಗ ಗೋಜಲಾಗುತ್ತದೆ. ಹಗ್ಗ ಕತ್ತರಿಸುವ ಗಿಲೊಟಿನ್ ಮರೆಯಬೇಡಿ.

ಕನ್ವರ್ಟರ್ ಜಾರಿದಷ್ಟೂ ಎಣ್ಣೆ ಕಾಯುತ್ತದೆ. ನಮ್ಮ ಬಳ್ಳಾರಿ, ರಾಯಚೂರು ಕಡೆ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತೆ ಅಲ್ವಾ, ದೊಡ್ಡ ಆಯಿಲ್ ಕೂಲರ್, ಮೇಲೆ ಫ್ಯಾನ್, ಎಣ್ಣೆಯ ಬಿಸಿ ತೋರಿಸಲು ಒಂದು ಮೀಟರ್ ಬೇಕೇ ಬೇಕು. ಹೈಡ್ರಾಲಿಕ್ ಮೋಟಾರ್, ಎಲೆಕ್ಟ್ರಿಕ್ ವಿಂಚ್ ಇನ್ನೂ ಮೃದು, ಆದರೆ ಗುಜರಿ ಬಜೆಟ್ಟಿಗೆ ದಕ್ಕಲ್ಲ. ಮನುಷ್ಯರು ಕೂರುವ ಮೊದಲು ಡಿಜಿಸಿಎ (ವಿಮಾನಯಾನ ನಿಯಂತ್ರಿಸುವ ಕೇಂದ್ರ ಸಂಸ್ಥೆ) ಅನುಮತಿ, ಗೊತ್ತಿರುವ ಇನ್‌ಸ್ಟ್ರಕ್ಟರ್ ಎರಡೂ ಆಗಬೇಕು.

ಮೊದಲು ರೇಷಿಯೋ ಅಳೆದು ಹೇಳಿ. ಒಂದು ಗಾಲಿ ಕದಲದಂತೆ ಹಿಡಿದು, ಇನ್ನೊಂದು ಪೂರ್ತಿ ಒಂದು ಸುತ್ತು ತಿರುಗಲು ಶಾಫ್ಟ್ ಎಷ್ಟು ಸುತ್ತು ಹೋಯಿತು ಎಣಿಸಿ. ಅದರ ದುಪ್ಪಟ್ಟೇ ರೇಷಿಯೋ. ಆಮೇಲೆ ಡ್ರಮ್ ಅಳತೆ ಕೂತು ನೋಡೋಣ.