ಬಂದೂಕು ಕಾನೂನು ತಂದ ಶಾಸಕರು ನಿಜಕ್ಕೂ ಸೋಲುತ್ತಾರೆಯೇ? ಕೊಲರಾಡೊದಲ್ಲಿ ನಾನು ಕಂಡದ್ದು

ಅಮೆರಿಕದ ರಾಜ್ಯಗಳಲ್ಲಿ ಬಂದೂಕು ನಿಯಂತ್ರಣ ಕಾನೂನಿಗೆ ಕೈಹಾಕಿದ ಶಾಸಕರು ಮುಂದಿನ ಚುನಾವಣೆಯಲ್ಲಿ ಮನೆಗೆ ಹೋಗುತ್ತಾರೆ ಎಂಬ ಮಾತು ನಿಜವೇ, ಅಥವಾ ಅದು ಬಂದೂಕು ಸಂಘಟನೆಗಳು ಹಬ್ಬಿಸಿದ ಗುಮ್ಮವೇ ಎಂದು ನೀವು ಕೇಳಿದ್ದೀರಿ. ನಾನು 2011ರಿಂದ ಕೊಲರಾಡೊ ರಾಜ್ಯದ ಡೆನ್ವರ್ ನಗರದ ಪಕ್ಕದಲ್ಲಿ ವಾಸವಾಗಿದ್ದೇನೆ. ಆ ಮಾತಿಗೆ ಸಾಕ್ಷಿಯಾಗಿ ಎಲ್ಲರೂ ಎತ್ತಿ ತೋರಿಸುವ ಘಟನೆ ನಡೆದದ್ದು ಇದೇ ರಾಜ್ಯದಲ್ಲಿ, 2013ರಲ್ಲಿ. ನನಗೆ ಆಗ ಇಲ್ಲಿ ಮತದಾನದ ಹಕ್ಕಿರಲಿಲ್ಲವಾದ್ದರಿಂದ, ಎದುರುಮನೆಯ ಜಗಳವನ್ನು ಜಗಲಿಯಲ್ಲಿ ಕುಳಿತು ನೋಡುವವನಂತೆ ಎಲ್ಲವನ್ನೂ ನೋಡಿದೆ. ಶಾಸಕರು ಸೋತದ್ದು ನಿಜ. ಆದರೆ ಅವರನ್ನು ಸೋಲಿಸಿದ್ದು ಜನಾಭಿಪ್ರಾಯಕ್ಕಿಂತ ಹೆಚ್ಚಾಗಿ ಚುನಾವಣೆ ನಡೆದ ಬಗೆ ಎಂಬುದು ನನ್ನ ಅಭಿಪ್ರಾಯ. ಅವರು ತಂದ ಕಾನೂನಂತೂ ಇಂದಿಗೂ ಜಾರಿಯಲ್ಲಿದೆ.

ನಮ್ಮ ಕಡೆಯ ಓದುಗರಿಗೆ ಒಂದು ವ್ಯತ್ಯಾಸವನ್ನು ಮೊದಲೇ ಹೇಳಬೇಕು. ಭಾರತದಲ್ಲಿ ಶಸ್ತ್ರಾಸ್ತ್ರವು ಸಂವಿಧಾನದ ಕೇಂದ್ರ ಪಟ್ಟಿಗೆ ಸೇರಿದ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆ ದೇಶಕ್ಕೆಲ್ಲ ಒಂದೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿ ಕೂಡ ಕೇಂದ್ರ ಸರ್ಕಾರದ ಅಧಿಸೂಚನೆಯ ಮೂಲಕ ಬಂದದ್ದೇ. ಮಲೆನಾಡಿನ ನಮ್ಮ ಮನೆಯಲ್ಲಿ ಪರವಾನಗಿಯ ಕೋವಿಯೊಂದಿತ್ತು. ಚುನಾವಣೆ ಘೋಷಣೆಯಾದೊಡನೆ ಅಪ್ಪ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದರು, ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರುತ್ತಿದ್ದರು. ಕೋವಿಗೂ ಚುನಾವಣೆಗೂ ನನಗೆ ಗೊತ್ತಿದ್ದ ಸಂಬಂಧ ಅಷ್ಟೇ. ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವುದು ಸಂವಿಧಾನದ ಎರಡನೆಯ ತಿದ್ದುಪಡಿ ಕೊಟ್ಟ ಹಕ್ಕು. ಅದರ ಎಲ್ಲೆಯೊಳಗೆ ಪ್ರತಿ ರಾಜ್ಯವೂ ತನ್ನದೇ ನಿಯಮಗಳನ್ನು ಮಾಡಿಕೊಳ್ಳುತ್ತದೆ. ಹಾಗಾಗಿ ರಾಜ್ಯದ ಶಾಸಕನೊಬ್ಬ ಹಾಕುವ ಮತ ನೇರವಾಗಿ ಅವನ ಕ್ಷೇತ್ರದ ಮನೆಗಳ ಕಪಾಟಿನವರೆಗೆ ಮುಟ್ಟುತ್ತದೆ.

2012ರ ಜುಲೈ 20ರಂದು ಡೆನ್ವರ್‌ಗೆ ಹೊಂದಿಕೊಂಡಿರುವ ಅರೋರಾದ ಚಿತ್ರಮಂದಿರವೊಂದರಲ್ಲಿ ಒಬ್ಬನೇ ನಡೆಸಿದ ಗುಂಡಿನ ದಾಳಿಯಲ್ಲಿ 12 ಜನ ಸತ್ತರು. ಅವನ ಬಳಿ 100 ಗುಂಡು ಹಿಡಿಸುವ ಮ್ಯಾಗಜೀನ್, ಅಂದರೆ ಬಂದೂಕಿಗೆ ಸಿಕ್ಕಿಸುವ ಗುಂಡಿನ ಡಬ್ಬಿ, ಇತ್ತು. ಅದೇ ಡಿಸೆಂಬರ್‌ನಲ್ಲಿ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಹತರಾದರು. 2013ರ ಅಧಿವೇಶನ ಆರಂಭವಾದಾಗ ಕೊಲರಾಡೊದ ಎರಡೂ ಸದನಗಳು ಡೆಮಾಕ್ರಟಿಕ್ ಪಕ್ಷದ ಕೈಯಲ್ಲಿದ್ದವು, ಗವರ್ನರ್ ಜಾನ್ ಹಿಕನ್‌ಲೂಪರ್ ಕೂಡ ಅದೇ ಪಕ್ಷದವರು. ಮಾರ್ಚ್ 20ರಂದು ಅವರು ಮೂರು ಮಸೂದೆಗಳಿಗೆ ಸಹಿ ಹಾಕಿದರು. ಒಂದು, 15ಕ್ಕಿಂತ ಹೆಚ್ಚು ಗುಂಡು ಹಿಡಿಸುವ ಮ್ಯಾಗಜೀನ್‌ಗಳ ಮಾರಾಟವನ್ನು ನಿಷೇಧಿಸಿತು. ಇನ್ನೊಂದು, ಅಂಗಡಿಯಲ್ಲಷ್ಟೇ ಅಲ್ಲದೆ ಖಾಸಗಿಯಾಗಿ ಕೈಬದಲಾಗುವ ಬಂದೂಕುಗಳಿಗೂ ಕೊಳ್ಳುವವನ ಪೂರ್ವಾಪರ ಪರಿಶೀಲನೆಯನ್ನು ಕಡ್ಡಾಯಗೊಳಿಸಿತು. ಮೂರನೆಯದು ಆ ಪರಿಶೀಲನೆಯ ಶುಲ್ಕವನ್ನು ಕೊಳ್ಳುವವನ ಮೇಲೆಯೇ ಹೊರಿಸಿತು. ಮಸೂದೆಗಳ ಪರವಾಗಿ ಮುಂದೆ ನಿಂತವರಲ್ಲಿ ಒಬ್ಬರು ಅರೋರಾದ ಶಾಸಕಿ ರೋಂಡಾ ಫೀಲ್ಡ್ಸ್. ಅವರ ಮಗ 2005ರಲ್ಲಿ ಗುಂಡಿಗೆ ಬಲಿಯಾಗಿದ್ದ.

ಇದಕ್ಕೆ ಬಂದ ಪ್ರತಿಕ್ರಿಯೆ ನನ್ನನ್ನು ಬೆರಗುಗೊಳಿಸಿತು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು; ರಾಜ್ಯದ 64 ಕೌಂಟಿಗಳ ಪೈಕಿ 50ಕ್ಕೂ ಹೆಚ್ಚು ಕೌಂಟಿಗಳ ಶೆರಿಫ್‌ಗಳು, ಅಂದರೆ ಕಾನೂನನ್ನು ಜಾರಿಗೊಳಿಸಬೇಕಾದವರೇ, ಅದರ ವಿರುದ್ಧ ನ್ಯಾಯಾಲಯಕ್ಕೆ ಹೋದರು. ನಮ್ಮಲ್ಲಿ ಎಸ್‌ಪಿ ಸಾಹೇಬರು ವಿಧಾನಸಭೆಯ ಕಾಯ್ದೆಯ ಮೇಲೆ ದಾವೆ ಹೂಡುವುದನ್ನು ಊಹಿಸಲೂ ಸಾಧ್ಯವಿಲ್ಲ. ಇಲ್ಲಿ ಶೆರಿಫ್ ಜನರಿಂದ ಚುನಾಯಿತನಾದ ಅಧಿಕಾರಿ, ಅವನಿಗೂ ಮತದಾರರೇ ಧಣಿಗಳು. ಇಲ್ಲಿನ ಈರಿ ಎಂಬ ಊರಿನಲ್ಲಿ ಮ್ಯಾಗಜೀನ್ ತಯಾರಿಸುತ್ತಿದ್ದ ಮ್ಯಾಗ್‌ಪುಲ್ ಕಂಪನಿ ರಾಜ್ಯ ಬಿಡುವುದಾಗಿ ಹೇಳಿ, ಮುಂದೆ ವಯೋಮಿಂಗ್‌ಗೂ ಟೆಕ್ಸಸ್‌ಗೂ ಹೊರಟುಹೋಯಿತು. ಗ್ರಾಮೀಣ ಕೌಂಟಿಗಳ ಅಸಮಾಧಾನಕ್ಕೆ ಬಂದೂಕೊಂದೇ ಕಾರಣವಾಗಿರಲಿಲ್ಲವಾದರೂ, ಆ ನವೆಂಬರ್‌ನಲ್ಲಿ 11 ಕೌಂಟಿಗಳು ರಾಜ್ಯದಿಂದ ಬೇರೆಯಾಗಬೇಕೇ ಎಂಬ ಪ್ರಶ್ನೆಯನ್ನು ಮತಕ್ಕೆ ಹಾಕುವಷ್ಟರ ಮಟ್ಟಿಗೆ ಅದು ಬೆಳೆಯಿತು, ಮತ್ತು 5 ಕೌಂಟಿಗಳು ಹೌದು ಎಂದವು.

ಈಗ ಸೋಲಿನ ವಿಷಯಕ್ಕೆ ಬರುತ್ತೇನೆ. ಕೊಲರಾಡೊದಲ್ಲಿ ಶಾಸಕನನ್ನು ಅವಧಿಗೆ ಮೊದಲೇ ವಾಪಸು ಕರೆಸಿಕೊಳ್ಳುವ ಹಕ್ಕು ಮತದಾರರಿಗಿದೆ. ಅದಕ್ಕೆ ರಿಕಾಲ್ ಎನ್ನುತ್ತಾರೆ. ಹಿಂದಿನ ಚುನಾವಣೆಯಲ್ಲಿ ಆ ಸ್ಥಾನಕ್ಕೆ ಬಿದ್ದ ಒಟ್ಟು ಮತಗಳ ಕಾಲುಭಾಗದಷ್ಟು ಸಹಿ ಸಂಗ್ರಹಿಸಿದರೆ ಚುನಾವಣೆ ನಡೆಸಲೇಬೇಕು. ಬಂದೂಕು ಪರ ಕಾರ್ಯಕರ್ತರು ಸಹಿಪತ್ರ ಹಿಡಿದು ಅಂಗಡಿಗಳ ಮುಂದೆ ನಿಂತರು. ಹಲವು ಶಾಸಕರ ಮೇಲೆ ಪ್ರಯತ್ನ ನಡೆದು, ಇಬ್ಬರ ವಿಷಯದಲ್ಲಿ ಸಹಿ ಸಾಲುವಷ್ಟು ಸಿಕ್ಕಿತು. ಒಬ್ಬರು ಕೊಲರಾಡೊ ಸ್ಪ್ರಿಂಗ್ಸ್‌ನ ಜಾನ್ ಮೋರ್ಸ್, ಮೇಲ್ಮನೆಯಾದ ಸೆನೆಟ್‌ನ ಅಧ್ಯಕ್ಷರು, ಹಿಂದೆ ಪೊಲೀಸ್ ಮುಖ್ಯಸ್ಥರಾಗಿದ್ದವರು. ಇನ್ನೊಬ್ಬರು ಪ್ವೆಬ್ಲೊ ನಗರದ ಆಂಜೆಲಾ ಹಿರೋನ್.

ಸೆಪ್ಟೆಂಬರ್ 10ರಂದು ಇಬ್ಬರೂ ಸೋತರು. ರಾಜ್ಯದ ಇತಿಹಾಸದಲ್ಲಿ ಶಾಸಕರನ್ನು ಹೀಗೆ ಕೆಳಗಿಳಿಸಿದ್ದು ಅದೇ ಮೊದಲು. ಮೋರ್ಸ್ ಸೋತದ್ದು ಮುನ್ನೂರು ಚಿಲ್ಲರೆ ಮತಗಳಿಂದ; ಅವರು 2010ರಲ್ಲಿ ಗೆದ್ದದ್ದೂ ಹೆಚ್ಚುಕಡಿಮೆ ಅಷ್ಟೇ ಕೂದಲೆಳೆಯ ಅಂತರದಿಂದ. ಹಿರೋನ್ ಅವರ ಸೋಲು ಬೇರೆಯೇ ಬಗೆಯದು. ಪ್ವೆಬ್ಲೊ ಉಕ್ಕಿನ ಕಾರ್ಖಾನೆಯ, ಕಾರ್ಮಿಕ ಸಂಘಗಳ, ಡೆಮಾಕ್ರಟಿಕ್ ಪಕ್ಷದ ಹಳೆಯ ಊರು. ಅಲ್ಲಿ ಶೇ 56ರಷ್ಟು ಮತದಾರರು ತಮ್ಮದೇ ಪಕ್ಷದ ಸದಸ್ಯೆಯನ್ನು ಹೊರಗಟ್ಟಿದರು. ಶರತ್ಕಾಲ ಬಂದರೆ ಜಿಂಕೆ ಬೇಟೆಗೆ ಹೊರಡುವ ಕಾರ್ಮಿಕನ ಪಕ್ಷ ಯಾವುದೆಂದು ಅವನ ಬಂದೂಕು ನೋಡಿ ಹೇಳಲು ಆಗುವುದಿಲ್ಲ ಎಂಬುದನ್ನು ಡೆನ್ವರ್‌ನ ತಂತ್ರಗಾರರು ಅಂದಾಜಿಸಿರಲಿಲ್ಲವೆಂದು ನನಗೆ ತೋರುತ್ತದೆ.

ಹಣದ ಬಲದಿಂದ ಸೋಲಿಸಿದರು ಎಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಬಂದೂಕು ಪರ ಸಂಘಟನೆಯಾದ ರಾಷ್ಟ್ರೀಯ ರೈಫಲ್ ಸಂಘ (ಎನ್ಆರ್‌ಎ) ಹಣ ಸುರಿದದ್ದು ನಿಜ, ಆದರೆ ಸೋತವರ ಪರವಾಗಿ ಖರ್ಚಾದ ಹಣ ಅದರ ಹಲವು ಪಟ್ಟು. ನ್ಯೂಯಾರ್ಕ್‌ನ ಆಗಿನ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಒಬ್ಬರೇ ಮೂರೂವರೆ ಲಕ್ಷ ಡಾಲರ್ ಕೊಟ್ಟರು. ಆ ಚೆಕ್ಕೇ ವಿರೋಧಿಗಳಿಗೆ ವರವಾಯಿತು. ಎಲ್ಲೋ ಕುಳಿತ ಕೋಟ್ಯಧಿಪತಿ ನಮ್ಮ ಮನೆಗೆ ನಿಯಮ ಬರೆಯುತ್ತಿದ್ದಾನೆ ಎಂದು ಹೇಳಿಕೊಳ್ಳಲು ಅವರಿಗೆ ಅದಕ್ಕಿಂತ ಸುಲಭದ ಪುರಾವೆ ಬೇಕಿರಲಿಲ್ಲ.

ನಿಜವಾಗಿ ಪೆಟ್ಟು ಕೊಟ್ಟದ್ದು ಎಲ್ಲರೂ ಮರೆತಿರುವ ಒಂದು ತಾಂತ್ರಿಕ ಸಂಗತಿ. ಕೊಲರಾಡೊದಲ್ಲಿ ಬಹುಪಾಲು ಮತದಾನ ಅಂಚೆಯ ಮೂಲಕವೇ ನಡೆಯುತ್ತದೆ. ಮತಪತ್ರ ಮನೆಗೆ ಬರುತ್ತದೆ, ಗುರುತು ಹಾಕಿ ಕಳುಹಿಸಿದರೆ ಮುಗಿಯಿತು. ಆದರೆ ರಿಕಾಲ್ ಚುನಾವಣೆಯಲ್ಲಿ ಮತದಾನಕ್ಕೆ 15 ದಿನ ಉಳಿದಿರುವಾಗಲೂ ಹೊಸ ಅಭ್ಯರ್ಥಿ ಕಣಕ್ಕಿಳಿಯಬಹುದೆಂದು ರಾಜ್ಯದ ಸಂವಿಧಾನದಲ್ಲಿದೆ. ಲಿಬರ್ಟೇರಿಯನ್ ಎಂಬ ಸಣ್ಣ ಪಕ್ಷವೊಂದು ಇದನ್ನು ನ್ಯಾಯಾಲಯದ ಮುಂದಿಟ್ಟಿತು, ನ್ಯಾಯಾಧೀಶರು ಹೌದೆಂದರು, ಮತಪತ್ರಗಳನ್ನು ಮುಂಚಿತವಾಗಿ ಅಚ್ಚುಹಾಕಿಸಿ ಎಲ್ಲರ ಮನೆಗೆ ಅಂಚೆಯಲ್ಲಿ ಕಳುಹಿಸುವುದು ಅಸಾಧ್ಯವಾಯಿತು. ಜನ ಮತಗಟ್ಟೆಗೇ ಹೋಗಬೇಕಾಗಿ ಬಂದಾಗ, ಕೋಪ ಬಂದವನು ಹೋದ. ಕಾನೂನಿನ ಬಗ್ಗೆ ಒಳ್ಳೆಯದೇ ಆಯಿತೆಂದುಕೊಂಡು ಸುಮ್ಮನಿದ್ದವನು ಮನೆಯಲ್ಲೇ ಉಳಿದ. ಆ ದಿನಗಳ ಸಮೀಕ್ಷೆಗಳನ್ನು ನೋಡಿದರೆ, ಹೊಸ ಕಾನೂನುಗಳು ಒಟ್ಟಾರೆಯಾಗಿ ಬೇಕೇ ಎಂದಾಗ ಬೇಡವೆಂದವರೇ ಹೆಚ್ಚು, ಪೂರ್ವಾಪರ ಪರಿಶೀಲನೆ ಬೇಕೇ ಎಂದು ಬಿಡಿಯಾಗಿ ಕೇಳಿದಾಗ ಬೇಕೆಂದವರು ಬಹಳ ಹೆಚ್ಚು. ಅಂದರೆ ಬೆಂಬಲ ಅಗಲವಾಗಿತ್ತು, ಆಳವಾಗಿರಲಿಲ್ಲ, ವಿರೋಧಕ್ಕೆ ಆಳವಿತ್ತು.

ಇದಕ್ಕೆ ಪೂರಕವಾಗಿ ಇನ್ನೆರಡು ರಾಜ್ಯಗಳನ್ನು ನೋಡಿ. ನ್ಯೂಯಾರ್ಕ್ ಮತ್ತು ಕನೆಕ್ಟಿಕಟ್ ಅದೇ ವರ್ಷ ಕೊಲರಾಡೊಗಿಂತ ಕಠಿಣವಾದ ಕಾನೂನುಗಳನ್ನು ತಂದವು. ಅಲ್ಲಿ ರಿಕಾಲ್ ವ್ಯವಸ್ಥೆಯೇ ಇಲ್ಲ. ಸಹಿ ಹಾಕಿದ ಗವರ್ನರ್‌ಗಳಾದ ಆಂಡ್ರ್ಯೂ ಕೊಮೊ ಮತ್ತು ಡ್ಯಾನೆಲ್ ಮಲಾಯ್ ಇಬ್ಬರೂ 2014ರಲ್ಲಿ ಮರಳಿ ಗೆದ್ದರು. ಆ ರಾಜ್ಯಗಳ ಮತದಾರರ ಒಲವು ಬೇರೆ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಕೋಪವನ್ನು ಆರು ತಿಂಗಳೊಳಗೆ ಮತವಾಗಿಸುವ ದಾರಿ ಅಲ್ಲಿನ ವಿರೋಧಿಗಳಿಗೆ ಇರಲೇ ಇಲ್ಲ.

ರಿಕಾಲ್‌ನ ಪರಿಣಾಮ ಅಲ್ಲಿಗೇ ನಿಲ್ಲಲಿಲ್ಲ. ಇಬ್ಬರ ಸೋಲಿನಿಂದ ಸೆನೆಟ್‌ನಲ್ಲಿ ಡೆಮಾಕ್ರಟರ ಬಲ 18ಕ್ಕೆ ಇಳಿದು, ಎದುರಾಳಿ ರಿಪಬ್ಲಿಕನ್ನರು 17 ಮಂದಿಯಾದರು. ಮೂರನೆಯವರಾಗಿ ಅದೇ ಪಕ್ಷದ ಸೆನೆಟ್ ಸದಸ್ಯೆ ಎವಿ ಹುಡಾಕ್ ಅವರ ಮೇಲೆ ಸಹಿ ಸಂಗ್ರಹ ನಡೆಯುತ್ತಿರುವಾಗಲೇ ಅವರು ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ರಾಜೀನಾಮೆಯಿಂದ ತೆರವಾದ ಸ್ಥಾನವನ್ನು ಪಕ್ಷದ ಸಮಿತಿಯೇ ತುಂಬಬಹುದು. ರಿಕಾಲ್‌ನಲ್ಲಿ ಸೋತರೆ ಸ್ಥಾನದ ಜೊತೆಗೆ ಬಹುಮತವೂ ಹೋಗುತ್ತದೆ. ಲೆಕ್ಕ ಸರಿಯಾಗಿತ್ತು, ಆದರೆ ಒಬ್ಬ ಶಾಸಕಿಯ ರಾಜಕೀಯ ಜೀವನ ಅದಕ್ಕೆ ತೆತ್ತ ಬೆಲೆಯಾಯಿತು. 2014ರಲ್ಲಿ ಸೆನೆಟ್ ಹೇಗೂ ರಿಪಬ್ಲಿಕನ್ನರ ಕೈಸೇರಿತು. ಸೋಜಿಗವೆಂದರೆ, ಅದೇ ಚುನಾವಣೆಯಲ್ಲಿ ಮೋರ್ಸ್ ಮತ್ತು ಹಿರೋನ್ ಅವರ ಎರಡೂ ಕ್ಷೇತ್ರಗಳು ಡೆಮಾಕ್ರಟರಿಗೆ ಮರಳಿದವು, ಹಿಕನ್‌ಲೂಪರ್ ಗವರ್ನರ್ ಆಗಿಯೇ ಉಳಿದರು. ಮ್ಯಾಗಜೀನ್ ಮಿತಿಯನ್ನು ರದ್ದುಮಾಡುವ ಪ್ರಯತ್ನಗಳು ಕೆಳಮನೆಯನ್ನು ದಾಟಲಿಲ್ಲ. 2020ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ಮಿತಿಯನ್ನು ಎತ್ತಿಹಿಡಿಯಿತು.

ಕಾನೂನು ಉಳಿದಂತೆ ಭಯವೂ ಉಳಿಯಿತು. 2018ರಲ್ಲಿ ಎಲ್ಲ ಅಧಿಕಾರವೂ ಮತ್ತೆ ಡೆಮಾಕ್ರಟರ ಕೈಗೆ ಬಂದ ಮೇಲೆ, 2019ರಲ್ಲಿ ರೆಡ್ ಫ್ಲ್ಯಾಗ್ ಕಾನೂನು ಬಂತು. ತನಗೋ ಇತರರಿಗೋ ಅಪಾಯ ತರಬಲ್ಲ ವ್ಯಕ್ತಿಯಿಂದ ಬಂದೂಕನ್ನು ತಾತ್ಕಾಲಿಕವಾಗಿ ತೆಗೆದಿರಿಸುವಂತೆ ನ್ಯಾಯಾಲಯ ಆದೇಶಿಸಬಹುದೆಂಬ ಕಾನೂನು ಅದು. ಸೆನೆಟ್‌ನಲ್ಲಿ ಅದಕ್ಕೆ ವಿರುದ್ಧವಾಗಿ ಮತ ಹಾಕಿದ ಏಕೈಕ ಡೆಮಾಕ್ರಟ್ ಸೆನೆಟ್‌ನ ಅಧ್ಯಕ್ಷರಾದ ಲಿರಾಯ್ ಗಾರ್ಸಿಯಾ. ಅವರ ಕ್ಷೇತ್ರ ಯಾವುದೆಂದು ನೀವು ಊಹಿಸಿರಬಹುದು: ಪ್ವೆಬ್ಲೊ, ಹಿರೋನ್ ಸೋತ ಅದೇ ಕ್ಷೇತ್ರ. ಮಸೂದೆಯನ್ನು ಅವರು ತಡೆಯಲಿಲ್ಲ, ತಮ್ಮ ಮತವನ್ನು ಮಾತ್ರ ಕೊಡಲಿಲ್ಲ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಮಸೂದೆಯ ಪರವಾಗಿ ಹೋರಾಡಿದವರಲ್ಲಿ ಒಬ್ಬರು ಕೆಳಮನೆಯ ಶಾಸಕ ಟಾಮ್ ಸಲಿವನ್. ಅರೋರಾ ಚಿತ್ರಮಂದಿರದಲ್ಲಿ ಸತ್ತ 12 ಜನರಲ್ಲಿ ಅವರ ಮಗನೂ ಒಬ್ಬ. ಅವರ ಮೇಲೂ 2019ರಲ್ಲಿ ರಿಕಾಲ್ ಪ್ರಯತ್ನ ಆರಂಭವಾಯಿತು, ಆದರೆ ಒಂದು ತಿಂಗಳಲ್ಲೇ ಪ್ರಾಯೋಜಕರು ಅದನ್ನು ಕೈಬಿಟ್ಟರು. ಆರು ವರ್ಷಗಳ ಹಿಂದೆ ಫಲ ಕೊಟ್ಟ ಅಸ್ತ್ರ ಈ ಸಲ ಬತ್ತಳಿಕೆಯಿಂದ ಹೊರಬರಲಿಲ್ಲ. ನಡುವೆ ರಾಜ್ಯದ ಜನಸಂಖ್ಯೆ ಬದಲಾಗಿತ್ತು, ಡೆನ್ವರ್ ಸುತ್ತಲಿನ ಉಪನಗರಗಳು ಬೆಳೆದಿದ್ದವು, ಬಂದೂಕು ನಿಯಂತ್ರಣದ ಪರ ಇರುವವರೂ ಮನೆಮನೆಗೆ ಹೋಗುವ ಸಂಘಟನೆ ಕಟ್ಟಿಕೊಂಡಿದ್ದರು.

2025ರಲ್ಲಿ ಅದೇ ಸಲಿವನ್, ಆಗ ಸೆನೆಟ್ ಸದಸ್ಯರಾಗಿ, ಮ್ಯಾಗಜೀನ್ ಕಳಚಿ ಹಾಕಬಹುದಾದ ಅರೆಸ್ವಯಂಚಾಲಿತ ಬಂದೂಕುಗಳ ಬಗ್ಗೆ ಇನ್ನೊಂದು ಮಸೂದೆ ತಂದರು. ಮೊದಲ ರೂಪದಲ್ಲಿ ಅದು ಅಂಥ ಹಲವು ಬಂದೂಕುಗಳ ಮಾರಾಟವನ್ನೇ ನಿಷೇಧಿಸುತ್ತಿತ್ತು. ಅದೇ ಪಕ್ಷದ ಗವರ್ನರ್ ಜ್ಯಾರೆಡ್ ಪೋಲಿಸ್ ಅದಕ್ಕೆ ಒಲವು ತೋರದ ಕಾರಣ ನಿಷೇಧವು ತರಬೇತಿಯ ಷರತ್ತಾಗಿ ಮೆದುವಾಯಿತು. ಏಪ್ರಿಲ್‌ನಲ್ಲಿ ಸಹಿ ಬಿದ್ದ ಆ ಕಾನೂನಿಗೆ ಗೊತ್ತುಮಾಡಿದ ಜಾರಿಯ ದಿನ 2026ರ ಆಗಸ್ಟ್ 1. ಅದರ ಪ್ರಕಾರ, ಅಂಥ ಬಂದೂಕು ಕೊಳ್ಳುವವನು ಮೊದಲು ಸುರಕ್ಷತಾ ತರಬೇತಿಗೆ ಅರ್ಹತೆಯ ಕಾರ್ಡ್ ಪಡೆಯಬೇಕು, ಆ ಕಾರ್ಡ್‌ಗಾಗಿ ಅರ್ಜಿ ಹಾಕಬೇಕಾದದ್ದು ತನ್ನ ಕೌಂಟಿಯ ಶೆರಿಫ್‌ನ ಕಚೇರಿಯಲ್ಲಿ.